ತಿನ್ನುವುದು ತಪ್ಪಲ್ಲ, ಓಡುವುದು ದಂಡವಲ್ಲ

ಊಟ ಮುಗಿಸಿ ಕೈ ತೊಳೆದ ಕೂಡಲೇ ಎಷ್ಟೋ ಜನರ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ಸಿಹಿ ಒಂದು ತುಂಡು ಜಾಸ್ತಿಯಾಯಿತು. ನಾಳೆ ಅರ್ಧ ಗಂಟೆ ಹೆಚ್ಚು ಓಡಬೇಕು. ರಾತ್ರಿ ಊಟ ಬಿಟ್ಟರೆ ಸರಿಹೋಗಬಹುದು. ಇವತ್ತು ಹೇಗೂ ಕೆಟ್ಟಿತು, ಸೋಮವಾರದಿಂದ ಕಟ್ಟುನಿಟ್ಟು. ಈ ಲೆಕ್ಕದಲ್ಲಿ ತಿನ್ನುವುದು ತಪ್ಪು, ವ್ಯಾಯಾಮ ಅದಕ್ಕೆ ಕಟ್ಟುವ ದಂಡ. ಇದನ್ನೇ ಶಿಸ್ತು ಎಂದು ನಂಬಿಕೊಂಡವರು ತುಂಬಾ ಜನ.

ಆದರೆ ಈ ತಪ್ಪಿತಸ್ಥ ಭಾವದಿಂದ ಶಿಸ್ತು ಬರುವುದಿಲ್ಲ. ಅತಿಯಾಗಿ ತಿನ್ನುವುದನ್ನು ತಡೆಯಲಿ ಎಂದು ನಾವು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ಅದು ಅತಿಯಾಗಿ ತಿನ್ನುವುದನ್ನೇ ಬೆಳೆಸುತ್ತದೆ. ವ್ಯಾಯಾಮದ ಮೇಲಿದ್ದ ಪ್ರೀತಿಯನ್ನೂ ಕೊಲ್ಲುತ್ತದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಸುಮಾರು ಐವತ್ತು ವರ್ಷಗಳಿಂದ ಪ್ರಯೋಗಗಳಲ್ಲಿ ಕಂಡುಬರುತ್ತಿರುವ ವಿಷಯ.

1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ಯುವತಿಯರನ್ನು ಕರೆದು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಒಂದು ಮಿಲ್ಕ್‌ಶೇಕ್, ಕೆಲವರಿಗೆ ಎರಡು, ಇನ್ನು ಕೆಲವರಿಗೆ ಏನೂ ಇಲ್ಲ. ಆಮೇಲೆ ಎಲ್ಲರ ಮುಂದೆ ಐಸ್‌ಕ್ರೀಂ ಇಟ್ಟು, ರುಚಿ ಹೇಗಿದೆ ಹೇಳಿ, ಬೇಕಾದಷ್ಟು ತಿನ್ನಿ ಎಂದರು. ತೂಕದ ಚಿಂತೆ ಇಲ್ಲದೆ ತಿನ್ನುವವರು ಯಾರೂ ಊಹಿಸಬಹುದಾದ ಹಾಗೆಯೇ ನಡೆದುಕೊಂಡರು. ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡು ಇರುವವರಲ್ಲಿ ಇದು ಪೂರ್ತಿ ಉಲ್ಟಾ ಆಯಿತು. ಏನೂ ಕುಡಿಯದಿದ್ದಾಗ ಅವರು ಐಸ್‌ಕ್ರೀಂ ಸ್ವಲ್ಪವೇ ತಿಂದರು. ಮಿಲ್ಕ್‌ಶೇಕ್ ಕುಡಿದ ಮೇಲೆ ಜಾಸ್ತಿ ತಿಂದರು.

ಹೊಟ್ಟೆ ತುಂಬಿದ ಮೇಲೆ ಜಾಸ್ತಿ ತಿಂದದ್ದು ಯಾಕೆ? ನಿಯಮ ಆಗಲೇ ಮುರಿದಿತ್ತು. "ಹೇಗೂ ಹೋಯ್ತಲ್ಲ, ಇನ್ನು ಎಷ್ಟು ತಿಂದರೇನು" ಎಂಬ ಭಾವ ಬಂದಾಗ ಹೊಟ್ಟೆಯ ಮಾತು ಕೇಳಿಸುವುದೇ ಇಲ್ಲ. ಮರುವರ್ಷ ಜಾನೆಟ್ ಪೊಲಿವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಟ್ಟ ಪುಡಿಂಗ್‌ನಲ್ಲಿ ನಿಜಕ್ಕೂ ಎಷ್ಟು ಕ್ಯಾಲೊರಿ ಇತ್ತು ಎನ್ನುವುದಕ್ಕಿಂತ, ಅದರಲ್ಲಿ ಕ್ಯಾಲೊರಿ ಜಾಸ್ತಿ ಎಂದು ನಂಬಿದರೋ ಕಡಿಮೆ ಎಂದು ನಂಬಿದರೋ ಎನ್ನುವುದೇ ಆಮೇಲಿನ ತಿನ್ನುವಿಕೆಯನ್ನು ಬದಲಿಸಿತು. ಬಾಯಿ ಕಟ್ಟಿದವರು ತಾವು "ಕೆಟ್ಟದ್ದು" ತಿಂದೆವು ಎಂದು ನಂಬಿದ ಮೇಲೆ ಕೈಬಿಟ್ಟು ತಿಂದರು.

ಡಯಟ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅನಿಸುತ್ತದೆ. ಒಂದು ಬಿಸ್ಕತ್ತು ತಿಂದು ಪ್ಯಾಕೆಟ್ ಮುಗಿಸಿದ ಸಂಜೆ ಅವರಿಗೆ ಗೊತ್ತು. ಆ ಸಂಜೆ ಅವರು ತಮ್ಮನ್ನು ತಾವು ಬೈದುಕೊಂಡಿರುತ್ತಾರೆ. ಇಚ್ಛಾಶಕ್ತಿ ಇಲ್ಲ, ಬಾಯಿಚಪಲ, ನಾನು ಇಷ್ಟೇ. ಆ ಬೈಗುಳವೇ ಎರಡನೇ ಪ್ಯಾಕೆಟ್ ತೆಗೆಸುತ್ತದೆ.

2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಈ ಸುಳಿಯನ್ನು ಮುರಿಯಬಹುದೇ ಎಂದು ನೋಡಿದರು. ಡೋನಟ್ ತಿಂದ ಯುವತಿಯರಲ್ಲಿ ಕೆಲವರಿಗೆ ಸಹಜವಾಗಿ ಒಂದು ಮಾತು ಹೇಳಲಾಯಿತು: ಇಂಥದ್ದನ್ನು ಎಲ್ಲರೂ ಆಗಾಗ ತಿನ್ನುತ್ತಾರೆ, ಇದಕ್ಕಾಗಿ ನಿಮ್ಮ ಮೇಲೆ ನೀವು ಕಠಿಣವಾಗಬೇಡಿ. ಆಮೇಲೆ ಮಿಠಾಯಿ ಇಟ್ಟರು. ಆ ಮಾತು ಕೇಳಿದ, ಸದಾ ಬಾಯಿ ಕಟ್ಟುವ ಯುವತಿಯರು, ಕೇಳದವರಿಗಿಂತ ಕಡಿಮೆ ಮಿಠಾಯಿ ತಿಂದರು. ತನ್ನ ಬಗ್ಗೆ ಮೆತ್ತಗಾದರೆ ಸಡಿಲ ಬಿಟ್ಟಂತೆ, ಆಮೇಲೆ ಹಿಡಿತವೇ ಸಿಗುವುದಿಲ್ಲ ಎಂಬ ಹೆದರಿಕೆ ಎಲ್ಲರಲ್ಲೂ ಇದೆ. ಇಲ್ಲಿ ಕಂಡದ್ದು ಅದಕ್ಕೆ ವಿರುದ್ಧ. ಪ್ರಯೋಗ ಚಿಕ್ಕದು, ನಿಜ. ಆದರೆ ಮೊದಲಿನ ಪ್ರಯೋಗಗಳ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಹಸಿವು ಸ್ವಭಾವದ ದೋಷವಲ್ಲ

ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಯುದ್ಧದಲ್ಲಿ ಹಸಿದು ಬಳಲಿದವರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ನಡೆಸಿದರು. ಬಂದೂಕು ಹಿಡಿಯಲು ಒಪ್ಪದ 36 ಯುವಕರು ಸ್ವಂತ ಇಚ್ಛೆಯಿಂದ ಬಂದರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದಾರೆ ಎಂದು ಪರೀಕ್ಷಿಸಿಯೇ ಅವರನ್ನು ಆರಿಸಿದ್ದರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಊಟ ಕೊಟ್ಟರು. ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಯಬೇಕಿತ್ತು. ದೇಹದ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಇಳಿಯಿತು.

ತೂಕಕ್ಕಿಂತ ಅವರ ಮನಸ್ಸಿಗೆ ಆದದ್ದು ನನ್ನನ್ನು ಜಾಸ್ತಿ ಕಾಡುತ್ತದೆ. ಅವರಿಗೆ ಊಟ ಬಿಟ್ಟು ಬೇರೆ ಯೋಚನೆ ಬರುತ್ತಿರಲಿಲ್ಲ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಅಡುಗೆ ವಿಧಾನ ಬರೆದಿಟ್ಟುಕೊಳ್ಳುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ಒಂದು ಊಟವನ್ನು ಎಷ್ಟೋ ಹೊತ್ತು ಎಳೆಯುತ್ತಿದ್ದರು. ಸಿಡುಕು, ಬೇಸರ, ಯಾರೊಂದಿಗೂ ಸೇರದಿರುವುದು ಬಂತು. ಪ್ರಯೋಗ ಮುಗಿದು ಊಟ ಸಿಕ್ಕ ಮೇಲೆ ಕೆಲವರು ಎಷ್ಟು ತಿಂದರೂ ತೃಪ್ತಿಯಾಗದೆ ಒದ್ದಾಡಿದರು. ಇವರೆಲ್ಲ ಮೊದಲು ಊಟದ ಬಗ್ಗೆ ಯಾವ ಗೊಂದಲವೂ ಇಲ್ಲದ ಆರೋಗ್ಯವಂತರು.

ಇವತ್ತು ಫೋನಿನಲ್ಲಿ ಓಡಾಡುವ ಎಷ್ಟೋ ಡಯಟ್ ಪಟ್ಟಿಗಳಲ್ಲಿ ದಿನಕ್ಕೆ 1,200 ಕ್ಯಾಲೊರಿ ಬರೆದಿರುತ್ತದೆ. ಆ ಯುವಕರು ಗಂಡಸರು, ಮೊದಲೇ ಸಾಧಾರಣ ತೂಕದವರು, ದಿನವೂ ದುಡಿಯುತ್ತಿದ್ದವರು. ಆದ್ದರಿಂದ ನೇರ ಹೋಲಿಕೆ ಸರಿಯಲ್ಲ. ಆದರೂ ಆ ಪಟ್ಟಿ ಹಿಡಿದು ಮೂರನೇ ವಾರಕ್ಕೆ ಸದಾ ತಿಂಡಿಯ ವಿಡಿಯೋ ನೋಡುತ್ತಾ ಕೂತಿರುವವರಿಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಮನಸ್ಸು ಕೆಟ್ಟಿಲ್ಲ. ಹಸಿದ ಮನುಷ್ಯನ ಮಿದುಳು ಮಾಡಬೇಕಾದ ಕೆಲಸವನ್ನೇ ಅದು ಮಾಡುತ್ತಿದೆ.

ಈ ಸ್ಥಿತಿ ಡಯಟ್ ಮುಗಿದ ತಕ್ಷಣ ಹೋಗುವುದೂ ಇಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ತೂಕ ಹೆಚ್ಚಿದ್ದ 50 ಜನ ಹತ್ತು ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರದಲ್ಲಿದ್ದರು. ಒಂದು ವರ್ಷ ಕಳೆದ ಮೇಲೂ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಮೇಲೆಯೇ ಇತ್ತು, ಹೊಟ್ಟೆ ತುಂಬಿದೆ ಎಂದು ಹೇಳುವ ಲೆಪ್ಟಿನ್ ಎಂಬ ಹಾರ್ಮೋನು ಕೆಳಗೇ ಇತ್ತು. ದೇಹ ಕಳೆದುಕೊಂಡ ತೂಕವನ್ನು ವಾಪಸ್ ಕೇಳುತ್ತಲೇ ಇತ್ತು.

ಈಗ ಎಲ್ಲೆಲ್ಲೂ ಮಾತಾಗುತ್ತಿರುವ ತೂಕದ ಇಂಜೆಕ್ಷನ್‌ಗಳೂ ಇದನ್ನೇ ಇನ್ನೊಂದು ಕಡೆಯಿಂದ ತೋರಿಸಿವೆ. ಸೆಮಾಗ್ಲುಟೈಡ್‌ನಂಥ ಔಷಧ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ತೂಕ ಇಳಿಸಲು ಅಮೆರಿಕದಲ್ಲಿ ಅದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ತೆಗೆದುಕೊಂಡವರಲ್ಲಿ ಹಲವರು ಹೇಳುವುದು, ತಲೆಯೊಳಗೆ ದಿನವಿಡೀ ನಡೆಯುತ್ತಿದ್ದ ಊಟದ ಗದ್ದಲ ನಿಂತಿತು ಎಂದು. ಒಂದು ಹಾರ್ಮೋನಿನ ಸಂಕೇತ ಬದಲಾದರೆ ಆ ಗದ್ದಲ ನಿಲ್ಲುತ್ತದೆ ಎಂದಾದರೆ, ಅದನ್ನು ಇಷ್ಟು ವರ್ಷ ಅವರ ಚಾರಿತ್ರ್ಯದ ಖಾತೆಗೆ ಬರೆದದ್ದು ಅನ್ಯಾಯ ಅಲ್ವಾ? ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ವಾಪಸ್ ಬಂದದ್ದು ಅದರ ದೊಡ್ಡ ಪರೀಕ್ಷೆಯೊಂದರ ಮುಂದುವರಿದ ಅಧ್ಯಯನದಲ್ಲಿ ಕಂಡಿತು. ಅದೂ ದೇಹದ ಕೆಲಸವೇ.

ಸುಟ್ಟ ಕ್ಯಾಲೊರಿಯ ಸುಳ್ಳು ಲೆಕ್ಕ

ವ್ಯಾಯಾಮದ ಕಡೆ ಬರೋಣ. ತಿಂದದ್ದನ್ನು ಓಡಿ ತೀರಿಸುವ ಲೆಕ್ಕ ಮನಸ್ಸಿಗೆ ಕೆಟ್ಟದ್ದು ಎನ್ನುವುದು ಒಂದು ಕಡೆ. ಲೆಕ್ಕವಾಗಿಯೂ ಅದು ನಿಲ್ಲುವುದಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತ ಅಳೆಯುವುದರಲ್ಲಿ ಏಳರಲ್ಲಿ ಆರು ಚೆನ್ನಾಗಿದ್ದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಸರಿಯಾಗಿದ್ದ ಸಾಧನವೇ ಸರಾಸರಿ 27% ತಪ್ಪು ತೋರಿಸಿತು. ತೀರಾ ಕೆಟ್ಟದ್ದು 93%. ಗಡಿಯಾರ "300 ಸುಟ್ಟಿದ್ದೀರಿ" ಎಂದಾಗ ಅದನ್ನು ನಂಬಿ ತಿನ್ನುವುದೂ ವ್ಯರ್ಥ, ನಂಬಿ ಊಟ ಬಿಡುವುದೂ ವ್ಯರ್ಥ.

ಇನ್ನೊಂದು ಅಚ್ಚರಿ ಟಾಂಜಾನಿಯಾದ ಹಡ್ಜಾ ಜನರಲ್ಲಿ ಕಂಡಿತು. ಇವರು ಬೇಟೆ ಆಡಿ, ಗೆಡ್ಡೆ ಅಗೆದು, ದಿನವೂ ಮೈಲಿಗಟ್ಟಲೆ ನಡೆದು ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಡ್ಜಾ ಜನ ದಿನಕ್ಕೆ ಖರ್ಚು ಮಾಡುವ ಶಕ್ತಿ ಕುರ್ಚಿಯಲ್ಲಿ ಕೂತು ದುಡಿಯುವ ಪಶ್ಚಿಮದವರದಕ್ಕಿಂತ ಹೆಚ್ಚೇನೂ ಇರಲಿಲ್ಲ. ಚಲನೆ ಜಾಸ್ತಿಯಾದಾಗ ದೇಹ ಬೇರೆ ಕಡೆ ಖರ್ಚು ಕಡಿಮೆ ಮಾಡಿ ಸರಿದೂಗಿಸುತ್ತದೆ ಎನ್ನುವುದು ಪಾಂಟ್ಜರ್ ವಾದ. ಎಷ್ಟರ ಮಟ್ಟಿಗೆ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಆದರೆ ಒಂದಂತೂ ಖಚಿತ. ದೇಹ ಅಂಗಡಿಯ ತಕ್ಕಡಿಯಲ್ಲ, ಈ ಕಡೆ ಹಾಕಿದ್ದನ್ನು ಆ ಕಡೆ ಅಷ್ಟೇ ಇಟ್ಟು ಸಮ ಮಾಡಲಾಗುವುದಿಲ್ಲ.

ಹಾಗೆಂದು ವ್ಯಾಯಾಮ ವ್ಯರ್ಥವೇ? ಖಂಡಿತ ಇಲ್ಲ! ನಡೆದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ರಕ್ತದೊತ್ತಡ ಇಳಿಯುತ್ತದೆ. ಇನ್ಸುಲಿನ್‌ಗೆ ದೇಹ ಚೆನ್ನಾಗಿ ಸ್ಪಂದಿಸುತ್ತದೆ. ಮೂಳೆ, ಮಾಂಸಖಂಡ ಗಟ್ಟಿಯಾಗುತ್ತವೆ. ಮನಸ್ಸು ಹಗುರಾಗುತ್ತದೆ. ಇದರಲ್ಲಿ ಯಾವುದಕ್ಕೂ ತೂಕ ಇಳಿಯಲೇಬೇಕೆಂದಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. ತೂಕವೊಂದನ್ನೇ ಗುರಿ ಮಾಡಿಕೊಂಡವರು ಎರಡು ತಿಂಗಳು ನಡೆದು, ಮುಳ್ಳು ಅಲ್ಲಾಡಲಿಲ್ಲ ಎಂದು ನಡಿಗೆಯನ್ನೇ ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಅವರ ಹೃದಯಕ್ಕೆ ಆಗಿದ್ದ ಒಳಿತು ಯಾವ ಮುಳ್ಳಿನಲ್ಲೂ ಕಾಣುವುದಿಲ್ಲ. ಅಮೆರಿಕದ ಮಿಶೆಲ್ ಸೆಗರ್ ನಡುವಯಸ್ಸಿನ ಮಹಿಳೆಯರ ನಡುವೆ ಮಾಡಿದ ಅಧ್ಯಯನಗಳಲ್ಲೂ ಇದೇ ಕಾಣುತ್ತದೆ. ತೂಕ, ಅಂದಕ್ಕಾಗಿ ವ್ಯಾಯಾಮ ಮಾಡುವವರಿಗಿಂತ ದಿನ ಚೆನ್ನಾಗಿ ಕಳೆಯಲಿ ಎಂದು ಮಾಡುವವರು ಹೆಚ್ಚು ವ್ಯಾಯಾಮ ಮಾಡುತ್ತಿದ್ದರು.

ಹತ್ತು ಸಾವಿರ ಹೆಜ್ಜೆಯ ಗುರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ವೈದ್ಯರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹರಡಿದ್ದು. 2019ರಲ್ಲಿ ಐ-ಮಿನ್ ಲೀ ತಂಡ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ನೋಡಿತು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ, 2,700 ನಡೆದವರಿಗಿಂತ 41% ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಬಹುದು ಎಂಬುದನ್ನೂ ನೆನಪಿಡಬೇಕು. ಆದರೆ 6,000 ಹೆಜ್ಜೆ ನಡೆದ ದಿನ "ಇವತ್ತು ಫೇಲಾದೆ" ಎಂದು ಮಲಗುವುದಕ್ಕೆ ಯಾವ ಆಧಾರವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಸೂಚಿಸಿದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಎಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ. ಮೂರು ನಿಮಿಷ ಮೆಟ್ಟಿಲು ಹತ್ತಿದರೂ ಲೆಕ್ಕಕ್ಕೆ ಬರುತ್ತದೆ.

ಮಕ್ಕಳು ಇದನ್ನು ಎಲ್ಲಿ ಕಲಿಯುತ್ತಾರೆ

ತನ್ನ ದೇಹ ತಪ್ಪು ಎಂದು ಯಾವ ಮಗುವೂ ಹುಟ್ಟುವಾಗಲೇ ತಿಳಿದು ಬರುವುದಿಲ್ಲ. ಫಿಜಿ ದ್ವೀಪಗಳ ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಅಲ್ಲಿ ತುಂಬಿದ ಮೈಯನ್ನು ಮೆಚ್ಚುವುದು ರೂಢಿಯಾಗಿತ್ತು. ಆನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಟಿವಿ ಬಂದ ಹೊಸದರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಬೇರೆ ಹುಡುಗಿಯರ ಗುಂಪಿನಲ್ಲಿ ಮಾತಾಡಿಸಿದರು. ಊಟದ ಬಗ್ಗೆ ಅಪಾಯದ ಮಟ್ಟದ ಗೊಂದಲ ಇದ್ದವರು 12.7%ರಿಂದ 29.2%ಕ್ಕೆ ಏರಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ಅದು 11.3% ಆಗಿತ್ತು.

ಅದು ಟಿವಿಯ ಕಾಲ. ಈಗ ಪ್ರತಿ ಮಗುವಿನ ಕೈಯಲ್ಲೂ ಪರದೆ ಇದೆ, ಮಗು ಯಾವುದರ ಮೇಲೆ ಎರಡು ಕ್ಷಣ ಜಾಸ್ತಿ ನಿಂತಿತು ಎಂದು ನೋಡಿಕೊಂಡು ಅದನ್ನೇ ಮತ್ತೆ ತಂದಿಡುತ್ತದೆ. ಇನ್‌ಸ್ಟಾಗ್ರಾಂ ನಡೆಸುವ ಫೇಸ್‌ಬುಕ್ ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ 2021ರಲ್ಲಿ ಹೊರತಂದ ಕಂಪನಿಯ ಒಳಗಿನ ದಾಖಲೆಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಸರದಲ್ಲಿದ್ದ ಹದಿಹರೆಯದ ಹುಡುಗಿಯರಲ್ಲಿ 32% ಜನ ಇನ್‌ಸ್ಟಾಗ್ರಾಂ ತಮ್ಮ ಬೇಸರವನ್ನು ಹೆಚ್ಚಿಸಿತು ಎಂದು ಹೇಳಿದ್ದು ಬರೆದಿತ್ತು. ಕಂಪನಿಯ ಸ್ವಂತ ಸಮೀಕ್ಷೆಯೇ ಹಾಗೆ ಹೇಳಿತ್ತು. ಹುಡುಗರು ಇದರಿಂದ ಪಾರಾದರು ಎಂದುಕೊಳ್ಳಬೇಡಿ. ಅವರಿಗೆ ತೋರಿಸುವುದು ತೆಳ್ಳಗಿನ ಸೊಂಟದ ಬದಲು ಉಬ್ಬಿದ ತೋಳು, ಅಷ್ಟೇ.

ಮನೆಯಲ್ಲಿ ನಾವು ಒಳ್ಳೆಯ ಉದ್ದೇಶದಿಂದಲೇ ಇದಕ್ಕೆ ನೀರೆರೆಯುತ್ತೇವೆ. ತಿಂಡಿಯ ಡಬ್ಬ ಮೇಲಿಟ್ಟು ಬೀಗ ಹಾಕುತ್ತೇವೆ. ಜೆನಿಫರ್ ಫಿಶರ್ ಮತ್ತು ಲೀನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಣ್ಣಿಗೆ ಕಾಣುವಂತಿಟ್ಟು ಕೈಗೆ ಕೊಡದ ತಿಂಡಿಯ ಮೇಲೆಯೇ ಮಕ್ಕಳ ಆಸೆ ಹೆಚ್ಚಾಯಿತು. ಸಿಕ್ಕಾಗ ಅದನ್ನೇ ಹೆಚ್ಚು ಆರಿಸಿಕೊಂಡರು. ಆಹಾರತಜ್ಞೆ ಎಲಿನ್ ಸ್ಯಾಟರ್ ಕೊಟ್ಟ ಸೂತ್ರ ನನಗೆ ಇವತ್ತಿಗೂ ಹಿಡಿಸುತ್ತದೆ. ಏನು, ಯಾವಾಗ, ಎಲ್ಲಿ ಎನ್ನುವುದನ್ನು ದೊಡ್ಡವರು ನಿರ್ಧರಿಸಬೇಕು. ತಿನ್ನಬೇಕೇ, ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿಗೆ ಬಿಡಬೇಕು. "ಇದನ್ನು ಮುಗಿಸಿದರೆ ಸಿಹಿ ಕೊಡ್ತೀನಿ" ಎಂದಾಗ ತರಕಾರಿ ಶಿಕ್ಷೆಯಾಗುತ್ತದೆ, ಸಿಹಿ ಬಹುಮಾನವಾಗುತ್ತದೆ. ಮಗುವಿನ ಮುಂದೆ ಕನ್ನಡಿಯಲ್ಲಿ ನಿಂತು ನಿಮ್ಮ ಹೊಟ್ಟೆಯನ್ನು ನೀವೇ ಹಳಿದುಕೊಂಡರೆ, ಮಗು ತನ್ನ ಹೊಟ್ಟೆಯನ್ನು ನೋಡಿಕೊಳ್ಳುತ್ತದೆ.

ಹಾಗಾದರೆ ಏನು ಬೇಕಾದರೂ ತಿನ್ನಬಹುದಾ?

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಸಕ್ಕರೆ ಕಾಯಿಲೆ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು, ಅಲರ್ಜಿ ಇದ್ದವರು ನಿಯಮ ಪಾಲಿಸಲೇಬೇಕು. ಎಲ್ಲ ಆಹಾರವೂ ದೇಹಕ್ಕೆ ಒಂದೇ ಎಂದು ನಾನು ಹೇಳುತ್ತಿಲ್ಲ. 2019ರಲ್ಲಿ ಕೆವಿನ್ ಹಾಲ್ 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ ಊಟದ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಎರಡರಲ್ಲೂ ಸಮ ಇತ್ತು. ಬೇಕಾದಷ್ಟು ತಿನ್ನಲು ಬಿಟ್ಟಾಗ ಸಂಸ್ಕರಿಸಿದ ಆಹಾರದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಜನ ಅವರೇ, ಇಚ್ಛಾಶಕ್ತಿ ಅದೇ. ಬದಲಾದದ್ದು ತಟ್ಟೆ ಮಾತ್ರ. ಆದ್ದರಿಂದ ತಟ್ಟೆಯನ್ನು ಬದಲಿಸುವುದು ಕೆಲಸಕ್ಕೆ ಬರುತ್ತದೆ, ಮನುಷ್ಯನನ್ನು ಬೈಯುವುದು ಬರುವುದಿಲ್ಲ.

ನಿಯಮ ಬೇರೆ, ನೈತಿಕ ತೀರ್ಪು ಬೇರೆ. ಸಕ್ಕರೆ ಕಾಯಿಲೆ ಇದ್ದವರು ಒಂದು ದಿನ ಸಿಹಿ ತಿಂದರೆ ಮುಂದೆ ಮಾಡಬೇಕಾದದ್ದು ಸಕ್ಕರೆ ಪ್ರಮಾಣ ನೋಡುವುದು, ಔಷಧ ತಪ್ಪಿಸದಿರುವುದು, ಮುಂದಿನ ಊಟವನ್ನು ಎಂದಿನಂತೆ ಮಾಡುವುದು. ಮನೆಯವರೆಲ್ಲ ಸೇರಿ ಬೈದರೆ ಅವರು ತಿನ್ನುವುದನ್ನು ಬಿಡುವುದಿಲ್ಲ, ಬಚ್ಚಿಟ್ಟು ತಿನ್ನುವುದನ್ನು ಕಲಿಯುತ್ತಾರೆ. ವೈದ್ಯರ ಹತ್ತಿರವೂ ಸುಳ್ಳು ಹೇಳುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ದಿನದ ಬದುಕಿನಲ್ಲಿ ಇದು ದೊಡ್ಡ ವ್ರತವೇನಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುವುದೇ ಅರ್ಧ ಕೆಲಸ, ಯಾಕೆಂದರೆ ಬೆಳಗಿನಿಂದ ಹಸಿದವನ ಕೈಗೆ ರಾತ್ರಿ ತಡೆ ಇರುವುದಿಲ್ಲ. ತಟ್ಟೆಯಿಂದ ಏನು ತೆಗೆಯಲಿ ಎನ್ನುವ ಮೊದಲು ಏನು ಸೇರಿಸಲಿ ಎಂದು ಕೇಳಿಕೊಳ್ಳಿ: ಕಾಳು, ತರಕಾರಿ, ಹಣ್ಣು. ಜಾಸ್ತಿ ತಿಂದ ಮರುದಿನ ಉಪವಾಸ ಬೇಡ, ಎಂದಿನ ಊಟ ಸಾಕು. ಗಡಿಯಾರದ ಕ್ಯಾಲೊರಿ ಸಂಖ್ಯೆ ಮನಸ್ಸು ಕೆಡಿಸುತ್ತಿದ್ದರೆ ಆ ಪುಟವನ್ನು ಮುಚ್ಚಿಡಿ. ಓಡುವುದು ಇಷ್ಟವಿಲ್ಲದಿದ್ದರೆ ಈಜಿ, ಕುಣಿಯಿರಿ, ತೋಟದ ಕೆಲಸ ಮಾಡಿ, ಗೆಳೆಯರ ಜೊತೆ ಸುಮ್ನೆ ನಡೆಯಿರಿ. ಮೈ ನೋಯುವ ದಿನ ವಿಶ್ರಾಂತಿ ತೆಗೆದುಕೊಳ್ಳಿ. ಮಾಂಸಖಂಡ ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ.

ಇದಿಷ್ಟೂ ಸಾಮಾನ್ಯ ಗೊಂದಲಕ್ಕೆ ಹೇಳಿದ ಮಾತು. ಕೆಲವರಲ್ಲಿ ವಿಷಯ ಅದನ್ನು ದಾಟಿರುತ್ತದೆ. ಊಟದ ಕಾರಣಕ್ಕೆ ಸಮಾರಂಭಗಳನ್ನೇ ತಪ್ಪಿಸುವುದು, ಬಚ್ಚಿಟ್ಟು ತಿನ್ನುವುದು, ಊಟ ಆದ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಜ್ವರದಲ್ಲೂ ಪೆಟ್ಟಾಗಿದ್ದರೂ ವ್ಯಾಯಾಮ ಬಿಡಲಾಗದಿರುವುದು, ಮುಟ್ಟು ನಿಲ್ಲುವುದು, ಸದಾ ಚಳಿ, ತಲೆಸುತ್ತು. ಶುದ್ಧ ಆಹಾರದ ಗೀಳು ಹಿಡಿದು ದಿನೇ ದಿನೇ ತಿನ್ನಬಹುದಾದ ಪಟ್ಟಿಯೇ ಚಿಕ್ಕದಾಗುವುದೂ ಇದೆ. ಇದಕ್ಕೆ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಹೊರಗಿನವರ ಕಣ್ಣಿಗೆ ಇದು ಶಿಸ್ತಿನಂತೆ ಕಾಣುವುದರಿಂದ ತಡವಾಗಿ ಗೊತ್ತಾಗುತ್ತದೆ. ಊಟದ ಕಾಯಿಲೆಗಳು ತೆಳ್ಳಗಿನವರಿಗೆ ಮಾತ್ರ ಬರುತ್ತವೆ ಎಂಬುದೂ ತಪ್ಪು. ಯಾವ ತೂಕದವರಿಗೂ, ಯಾವ ವಯಸ್ಸಿನವರಿಗೂ, ಗಂಡಸರಿಗೂ ಬರುತ್ತವೆ. ತೂಕ ಹೆಚ್ಚೀತೆಂಬ ಭಯದಲ್ಲಿ ಊಟವನ್ನೇ ತೀರಾ ಕಡಿಮೆ ಮಾಡುವ ಅನೊರೆಕ್ಸಿಯಾ ಎಂಬ ಕಾಯಿಲೆಯಲ್ಲಿ ಸಾವಿನ ಪ್ರಮಾಣ ಮಾನಸಿಕ ಕಾಯಿಲೆಗಳಲ್ಲೇ ತುಂಬಾ ಹೆಚ್ಚಿನದು.

ಮನೆಯಲ್ಲಿ ಯಾರಲ್ಲಾದರೂ ಇದು ಕಂಡರೆ ತಟ್ಟೆಯ ಮೇಲೆ ಜಗಳ ಮಾಡಬೇಡಿ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ, ಇಬ್ಬರೇ ಇದ್ದಾಗ, ನಿಮಗೆ ಕಂಡದ್ದನ್ನು ಹೇಳಿ. ತೂಕದ ಮಾತು ತೆಗೆಯಬೇಡಿ. ನಿದ್ದೆ, ಸುಸ್ತು, ಒಂಟಿತನದಿಂದ ಶುರು ಮಾಡಿ. ಮೊದಲ ಸಲ ಅವರು ಏನಿಲ್ಲ ಎನ್ನುತ್ತಾರೆ. ಒಂದೆರಡು ವಾರ ಬಿಟ್ಟು ಮತ್ತೆ ಕೇಳಿ, ವೈದ್ಯರ ಹತ್ತಿರ ನಾನೂ ಬರುತ್ತೇನೆ ಎಂದು ಹೇಳಿ. ತಲೆ ತಿರುಗಿ ಬಿದ್ದರೆ, ಎದೆಬಡಿತ ಏರುಪೇರಾದರೆ, ಸಾಯುವ ಮಾತಾಡಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ, ಯಾರಾದರೂ ತಟ್ಟನೆ ಸಣ್ಣಗಾಗಿದ್ದು ಕಂಡರೆ "ಎಷ್ಟು ಚೆನ್ನಾಗಿ ಕಾಣ್ತೀಯ" ಎನ್ನುವ ಮೊದಲು ಹೇಗಿದ್ದೀಯ ಎಂದು ಕೇಳಿ.